ಅನ್ನ ಬಿಡ್ಬೇಕಾ ಅಕ್ಕ?

ಸಕ್ಕರೆ ಕಾಯಿಲೆ ಬಗ್ಗೆ ನಮ್ಮ ಕಡೆಯ ಜನರಿಗೆ ಇರುವ ಅಸಲಿ ಪ್ರಶ್ನೆಗಳು ಡಾಕ್ಟರ ಕೋಣೆಯಲ್ಲಿ ಬಾಯಿಗೆ ಬರುವುದಿಲ್ಲ. ಚೀಟಿ ಹಿಡಿದು ಹೊರಗೆ ಬಂದು, ಮೆಡಿಕಲ್ ಶಾಪಿನ ಮುಂದೆ ನಿಂತು, ಗುಳಿಗೆ ಚೀಲಕ್ಕೆ ಹಾಕಿಕೊಂಡು, ಚಿಲ್ಲರೆ ಎಣಿಸಿ ಕಿಸೆಗಿಟ್ಟು, ಹಿಂದೆ ಪರಿಚಯದವರು ಯಾರಾದರೂ ಇದ್ದಾರಾ ಅಂತ ಒಮ್ಮೆ ತಿರುಗಿ ನೋಡಿ ಆಮೇಲೆ ಶುರು ಮಾಡುತ್ತಾರೆ: "ಅಕ್ಕ, ಒಂದ್ ಮಾತು ಕೇಳ್ಲಾ?"

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ. ಡಿ.ಫಾರ್ಮಾ ಮುಗಿಸಿ, ಮದುವೆಯಾಗಿ ಬಂದಾಗಿನಿಂದ ನಾನು ಆ ಕೌಂಟರಿನ ಒಳಗೆ ನಿಂತವಳು. ಬಿಪಿ, ಗ್ಯಾಸ್ಟ್ರಿಕ್, ಮಂಡಿನೋವು ಎಲ್ಲಕ್ಕೂ ಜನ ಬರುತ್ತಾರೆ, ಜೋರಾಗಿಯೇ ಹೇಳಿಕೊಳ್ಳುತ್ತಾರೆ. ದನಿ ತಗ್ಗುವುದು ಸಕ್ಕರೆಯ ಮಾತು ಬಂದಾಗ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಿಲ್ಲುತ್ತಾರೆ. "ಸಿಹಿ ಅಷ್ಟೇನ್ ತಿಂತಿರ್ಲಿಲ್ಲ ಅಕ್ಕ, ಆದ್ರೂ ಬಂತು ನೋಡಿ" ಅಂತ ನನಗೆ ಸಮಜಾಯಿಷಿ ಕೊಡುತ್ತಾರೆ. ನನಗೆ ಯಾಕೆ ಕೊಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ, ಅದರ ಹೊಸ್ತಿಲಲ್ಲಿ ಇರುವವರು ಇನ್ನೂ 13 ಕೋಟಿ 60 ಲಕ್ಷ. ಇಷ್ಟು ಜನ ಒಟ್ಟಿಗೆ ಬಾಯಿಚಪಲದವರಾಗಲು ಸಾಧ್ಯವೇ ಇಲ್ಲ.

ಡಾಕ್ಟರನ್ನು ದೂರಲು ಇದನ್ನು ಹೇಳುತ್ತಿಲ್ಲ. ಸಂತೆಯ ದಿನ ಬೆಂಚು ತುಂಬಿ ಮೆಟ್ಟಿಲ ತನಕ ಜನ ಕೂತಿರುತ್ತಾರೆ. ಒಳಗೆ ಹೋದವರಿಗೂ ಕೊಪ್ಪದ ಬಸ್ಸು ತಪ್ಪೀತು ಅನ್ನುವ ಅವಸರ. ಆದರೆ ಕೇಳದೆ ಮನೆಗೆ ಹೊತ್ತುಕೊಂಡು ಹೋದ ಪ್ರಶ್ನೆ ಅಲ್ಲಿ ಸುಮ್ಮನೆ ಕೂರುವುದಿಲ್ಲ. ಯಾರೋ ಹೇಳಿದ ಉತ್ತರ ಅದಕ್ಕೆ ಅಂಟಿಕೊಳ್ಳುತ್ತದೆ, ಗುಳಿಗೆ ಅರ್ಧ ಆಗುತ್ತದೆ, ಇಲ್ಲವೇ ಊಟವೇ ನಿಂತುಹೋಗುತ್ತದೆ. ಹೀಗೆ ಕೆಟ್ಟ ಮೈಗಳನ್ನು ನೋಡಿ ನೋಡಿ ಇದನ್ನು ಬರೆಯಬೇಕು ಅನಿಸಿತು.

ಮೊದಲ ಪ್ರಶ್ನೆ ಯಾವಾಗಲೂ ಅನ್ನದ್ದೇ. "ಅನ್ನ ಬಿಡ್ಬೇಕಾ ಅಕ್ಕ?"

ನಮ್ಮ ದಿನಚರಿ ನೋಡಿ. ಬೆಳಿಗ್ಗೆ ಕಡುಬು, ಇಲ್ಲವೇ ಅಕ್ಕಿ ರೊಟ್ಟಿ, ಇಲ್ಲವೇ ನೀರುದೋಸೆ. ಮಧ್ಯಾಹ್ನ ಅನ್ನ ಸಾರು. ನಾಲ್ಕು ಗಂಟೆಗೆ ಚಾದ ಜೊತೆ ಅವಲಕ್ಕಿಯೋ ಮಂಡಕ್ಕಿಯೋ. ರಾತ್ರಿ ಮತ್ತೆ ಅನ್ನ, ಕೊನೆಯಲ್ಲಿ ಮಜ್ಜಿಗೆ ಅನ್ನ ಉಣ್ಣದೆ ಎದ್ದರೆ ಊಟ ಮುಗಿದ ಹಾಗಲ್ಲ. ಎಲ್ಲವೂ ಅಕ್ಕಿಯೇ. ಬೇಯಿಸಿದ ಅನ್ನ 150 ಗ್ರಾಂ ಅಂದರೆ ಒಂದು ಸಾಧಾರಣ ಬಟ್ಟಲು. ಅದರಲ್ಲಿ 40 ಗ್ರಾಂಗಿಂತ ಸ್ವಲ್ಪ ಹೆಚ್ಚು ಪಿಷ್ಟ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಅದು ಒಡೆದು ಗ್ಲೂಕೋಸೇ ಆಗುವುದು. ಒಂದು ಸಣ್ಣ ಚಮಚ ಸಕ್ಕರೆ ನಾಲ್ಕೈದು ಗ್ರಾಂ ತೂಗುತ್ತದೆ. ಚಾಕ್ಕೆ ಹಾಕುವ ಆ ಒಂದು ಚಮಚ ಬಿಟ್ಟು "ನಾನು ಪಥ್ಯದಲ್ಲಿದ್ದೇನೆ" ಅಂದುಕೊಂಡು, ತಟ್ಟೆಯಲ್ಲಿ ಮೂರು ಬಟ್ಟಲು ಅನ್ನ ಉಂಡರೆ ರಕ್ತಕ್ಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಕ್ಕರೆ ಡಬ್ಬ ಮುಟ್ಟದ ಮನೆಯಲ್ಲೂ 300 ದಾಟಿದ ರಿಪೋರ್ಟ್ ಬರುವುದು ಹೀಗೆ.

"ನಮ್ಮಜ್ಜ ಇದನ್ನೇ ಉಂಡು ತೊಂಬತ್ತು ವರ್ಷ ಬದುಕಿದ್ರಲ್ಲ?" ಇದು ಒಳ್ಳೆಯ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಅಜ್ಜ ಉಂಡದ್ದು ಇದಕ್ಕಿಂತ ಹೆಚ್ಚೇ. ಆದರೆ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿದು ಹೊತ್ತು ತರುತ್ತಿದ್ದರು, ದರಗು ಹೊರುತ್ತಿದ್ದರು, ಗದ್ದೆಯಲ್ಲಿ ಇಡೀ ದಿನ ಬಗ್ಗಿರುತ್ತಿದ್ದರು. ದುಡಿಯುವ ಮಾಂಸಖಂಡ ರಕ್ತದಲ್ಲಿನ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಅದಕ್ಕೆ ಇನ್ಸುಲಿನ್ನಿನ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನಿನ) ಹಂಗು ಕೂಡ ಬಹಳ ಬೇಕಾಗುವುದಿಲ್ಲ. ಈಗ ಅಡಿಕೆ ಸುಲಿಯುವುದು ಯಂತ್ರ, ಕಳೆ ಹೊಡೆಯುವುದು ಯಂತ್ರ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಗುತ್ತಿಗೆಯವರು, ಪಕ್ಕದ ಮನೆಗೆ ಹೋಗಲು ಸ್ಕೂಟಿ. ಕೆಲಸ ಮೈಬಿಟ್ಟು ಹೋಯಿತು, ತಟ್ಟೆ ಮಾತ್ರ ಹಾಗೇ ಉಳಿಯಿತು.

ಹಾಗಾಗಿ ನನ್ನ ಉತ್ತರ: ಬಿಡಬೇಡಿ, ಅರ್ಧ ಮಾಡಿ. ಬಿಟ್ಟವರನ್ನು ನಾನು ನೋಡಿದ್ದೇನೆ. ಹತ್ತು ದಿನ ತಡೆದು, ಹನ್ನೊಂದನೇ ದಿನ ಯಾರದೋ ಮನೆಯ ಊಟದಲ್ಲಿ ಕೂತು ತಡೆಯಲಾರದೆ ಉಂಡು, ಆಮೇಲೆ ಪಥ್ಯವನ್ನೇ ಕೈಬಿಡುತ್ತಾರೆ. ಅರ್ಧ ಅನ್ನದ ಜಾಗಕ್ಕೆ ಏನು ಅನ್ನುವುದು ಮುಖ್ಯ. ಪಲ್ಯ ಎರಡು ಪಟ್ಟು, ಹುಳಿಯಲ್ಲಿ ನೀರಿಗಿಂತ ಹೋಳು ಜಾಸ್ತಿ, ಹೆಸರುಬೇಳೆ ಕೋಸಂಬರಿ, ಹುರುಳಿ ಮೊಳಕೆ, ತಿನ್ನುವವರಿಗೆ ಮೀನು ಮೊಟ್ಟೆ. ಮಳೆಗಾಲದ ಕಳಲೆ ಪಲ್ಯ ಇದಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ವಿಷಯ: ಬಾಳೆಎಲೆಯಲ್ಲಿ ಮೊದಲು ಬಡಿಸುವುದು ಕೋಸಂಬರಿ, ಪಲ್ಯ, ಅನ್ನ ಬರುವುದು ಆಮೇಲೆ. ನಾವು ಅನ್ನ ಬರುವ ತನಕ ಕೈಕಟ್ಟಿ ಕೂತಿರುತ್ತೇವೆ. ಹಾಗೆ ಕಾಯದೆ ಮೊದಲು ಅವನ್ನೇ ತಿಂದು ಮುಗಿಸಿ. ಅದೇ ಊಟವನ್ನು ತರಕಾರಿ, ಬೇಳೆ ಮೊದಲು, ಪಿಷ್ಟ ಕೊನೆಗೆ ಅನ್ನುವ ಕ್ರಮದಲ್ಲಿ ಉಂಡರೆ ಸಕ್ಕರೆ ಕಡಿಮೆ ಏರುತ್ತದೆ ಅಂತ ಅಮೆರಿಕದಲ್ಲಿ ನಡೆದ ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಖರ್ಚಿಲ್ಲದ ಉಪಾಯ. ಕೈತೊಳೆದ ಮೇಲೆ ಮಲಗದೆ ಅಂಗಳದಲ್ಲಿ ಹತ್ತು ಹದಿನೈದು ನಿಮಿಷ ಓಡಾಡಿ. ಮಳೆ ಹೊಯ್ಯುತ್ತಿದ್ದರೆ ಜಗಲಿ ಸಾಕು.

ರಾಗಿಯ ಬಗ್ಗೆಯೂ ಕೇಳುತ್ತಾರೆ, ರಾಗಿ ಎಷ್ಟು ತಿಂದರೂ ಆಗುತ್ತದೆ ಅನ್ನುವ ನಂಬಿಕೆ ಇದೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು 67. ನಾರು ರಾಗಿಯಲ್ಲಿ ನಾಲ್ಕು ಪಟ್ಟು, ಅಲ್ಲಿ ಅದು ಗೆಲ್ಲುತ್ತದೆ. ಆದರೆ ನುಣ್ಣಗೆ ಬೀಸಿ ತೆಳುವಾಗಿ ಕಾಯಿಸಿದ ಗಂಜಿ ಬೇಗ ಏರಿಸುತ್ತದೆ. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗಿದರೆ ಲೆಕ್ಕ ಅಲ್ಲಿಗಲ್ಲಿಗೇ. ಚಪಾತಿಗೂ ಇದೇ ಮಾತು. ಬೆಲ್ಲ ಆಗುತ್ತಾ ಅಂದರೆ, ಇಲ್ಲ. ಜೋನಿ ಬೆಲ್ಲ ನಮ್ಮನೆ ಗಾಣದ್ದೇ ಆಗಿರಲಿ, ಜೇನು ನಮ್ಮ ಕಾಡಿನದ್ದೇ ಆಗಿರಲಿ, ರಕ್ತದಲ್ಲಿ ಅದು ಸಕ್ಕರೆಯೇ. ತೊಡದೇವು ಕೂಡ. ಇದನ್ನು ಹೇಳುವಾಗ ಎದುರಿಗಿದ್ದವರ ಮುಖ ಬಾಡುತ್ತದೆ, ನನಗೂ ಬೇಜಾರಾಗುತ್ತದೆ.

ಇನ್ನು ನಂಬರುಗಳು. "ರಾತ್ರಿ ಊಟನೇ ಬಿಟ್ಟಿದ್ದೆ ಅಕ್ಕ, ಬೆಳಿಗ್ಗೆ ಖಾಲಿ ಹೊಟ್ಟೇಲಿ 168. ಇದೆಂತ ಕರ್ಮ?" ಅಂತ ಬೆಳ್ಳಂಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಕೇಳಿದವರಿದ್ದಾರೆ. ಕರ್ಮ ಅಲ್ಲ, ಯಕೃತ್ತು. ನಾವು ಉಣ್ಣದಿದ್ದರೂ ಅದು ತನ್ನ ದಾಸ್ತಾನಿನಿಂದ ರಕ್ತಕ್ಕೆ ಗ್ಲೂಕೋಸ್ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವ ಮೈಯನ್ನು ಏಳಿಸಲು ಕೆಲವು ಹಾರ್ಮೋನುಗಳು ಹೆಚ್ಚುತ್ತವೆ, ಅವು ಯಕೃತ್ತಿಗೆ ಇನ್ನಷ್ಟು ಬಿಡು ಅನ್ನುತ್ತವೆ. ಆರೋಗ್ಯವಂತರ ಮೈ ಆಗ ಇನ್ಸುಲಿನ್ ಹೆಚ್ಚಿಸಿ ಸರಿದೂಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಆಗದೆ ಬೆಳಗಿನ ನಂಬರ್ ಮೇಲೆ ನಿಲ್ಲುತ್ತದೆ. ಇದಕ್ಕೆ ರಾತ್ರಿ ಉಪವಾಸ ಪರಿಹಾರ ಅಲ್ಲ. ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿದರೆ ಗುಳಿಗೆಯ ಹೊತ್ತೋ ಪ್ರಮಾಣವೋ ಬದಲಾಗಬಹುದು.

ಗೊತ್ತಿರಲಿ ಅಂತ ಲೆಕ್ಕ ಹೇಳುತ್ತೇನೆ. ಖಾಲಿ ಹೊಟ್ಟೆಯಲ್ಲಿ 100ರ ಒಳಗೆ ಇದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಮತ್ತು ಮೇಲೆ ಕಾಯಿಲೆ. ಲಕ್ಷಣ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಎಚ್‌ಬಿಎ1ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆಯಲ್ಲಿ 6.5 ಮತ್ತು ಮೇಲೆ ಇದ್ದರೂ ಕಾಯಿಲೆಯೇ. ಇವು ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳುವ ಗೆರೆಗಳು. ಕಾಯಿಲೆ ಇರುವವರು ಮುಟ್ಟಬೇಕಾದ ಗುರಿ ಬೇರೆ: ಬಹಳಷ್ಟು ಜನರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಉಂಡಾದ ಮೇಲೆ 180ರ ಒಳಗೆ, ಎಚ್‌ಬಿಎ1ಸಿ 7ರ ಆಸುಪಾಸು. ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವವರಿಗೆ 8ರ ತನಕವೂ ಡಾಕ್ಟರು ಒಪ್ಪುತ್ತಾರೆ. ಎಪ್ಪತ್ತೆಂಟರ ಅಜ್ಜಿಯನ್ನು ನಲವತ್ತರ ಮಗನ ನಂಬರಿಗೆ ಇಳಿಸಲು ಹೋಗುವುದು ಅಪಾಯ.

ಪರೀಕ್ಷೆಗೆ ಎರಡು ದಿನ ಮುಂಚೆ ಕಟ್ಟುನಿಟ್ಟು ಪಥ್ಯ ಮಾಡಿ ಒಳ್ಳೆಯ ನಂಬರ್ ತರುವವರು ಬಹಳ. ಡಾಕ್ಟರು ಬೈಯಬಾರದು ಅಷ್ಟೇ ಅವರ ಉದ್ದೇಶ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಅಲ್ಲಿ ಇದು ನಡೆಯುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ, ನಮ್ಮ ಹೆಂಗಸರ ವಿಷಯದಲ್ಲಿ ಮುಖ್ಯವಾದದ್ದು: ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.

ಮನೆಯಲ್ಲಿ ಗ್ಲುಕೋಮೀಟರ್ ಇರುವವರಿಗೆ ಮಲೆನಾಡಿನ ಕಷ್ಟ ಒಂದಿದೆ, ಥಂಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೂ ಬೂಸ್ಟು ಹಿಡಿಯುತ್ತದೆ, ಸ್ಟ್ರಿಪ್ಪಿಗೆ ಹಿಡಿಯದೆ ಇರುತ್ತದಾ? ಸ್ಟ್ರಿಪ್‌ಗಳನ್ನು ಅವು ಬಂದ ಡಬ್ಬಿಯಲ್ಲೇ ಇಡಿ. ಒಂದು ತೆಗೆದ ಕೂಡಲೇ ಮುಚ್ಚಳ ಒತ್ತಿ. ಪರ್ಸಿನಲ್ಲಿ ಬಿಡಿಬಿಡಿ ಇಟ್ಟುಕೊಂಡರೆ ತಪ್ಪು ನಂಬರ್ ಬರುತ್ತದೆ. ಚುಚ್ಚುವ ಮೊದಲು ಕೈತೊಳೆದು ಒರೆಸಿ. ಹಲಸಿನ ಹಣ್ಣು ಬಿಡಿಸಿದ ಬೆರಳಿಗೆ ಚುಚ್ಚಿದರೆ ಮೀಟರ್ ಓದುವುದು ಹಲಸಿನ ಸಕ್ಕರೆಯನ್ನೂ ಸೇರಿಸಿ. ಲ್ಯಾಬಿನದ್ದಕ್ಕೂ ಮೀಟರಿನದ್ದಕ್ಕೂ ನೂರಕ್ಕೆ ಹತ್ತು ಹದಿನೈದು ವ್ಯತ್ಯಾಸ ಬಂದರೆ ಗಾಬರಿ ಬೇಡ, ಒಳ್ಳೆಯ ಮೀಟರಿಗೂ ಅಷ್ಟು ಬಿಟ್ಟುಕೊಟ್ಟಿದ್ದಾರೆ.

ಸಕ್ಕರೆ ಏರುವುದಕ್ಕೆ ಹೆದರುವವರು ಇಳಿಯುವುದಕ್ಕೆ ಹೆದರುವುದಿಲ್ಲ. ಇದು ನನ್ನ ದೊಡ್ಡ ಚಿಂತೆ. ಒಬ್ಬ ಹೆಂಗಸು ಬಂದು ಹೇಳಿದ್ದು: ಮನೆಯಲ್ಲಿ ಸತ್ಯನಾರಾಯಣ ಪೂಜೆ, ಯಜಮಾನರು ಪೂಜೆಗೆ ಕೂತವರು ಏನೂ ತಿಂದಿಲ್ಲ, ಗುಳಿಗೆ ಮಾತ್ರ ಬೆಳಿಗ್ಗೆಯೇ ನುಂಗಿದ್ದಾರೆ. ಒಂದು ಗಂಟೆ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಭಟ್ಟರ ಮೇಲೆ ಸುಮ್ಮನೆ ರೇಗಾಟ, ಆಮೇಲೆ ಮಾತು ತೊದಲು. ಸೆಖೆಗೆ ಅಂದುಕೊಂಡು ಎಲ್ಲರೂ ಗಾಳಿ ಹಾಕುತ್ತಿದ್ದರಂತೆ. ಪುಣ್ಯಕ್ಕೆ ಯಾರೋ ಪಂಚಾಮೃತ ಕುಡಿಸಿದರು. ಅವರ ಚೀಟಿಯಲ್ಲಿದ್ದದ್ದು ಗ್ಲಿಮೆಪಿರೈಡ್. ಇದು, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಇವೆಲ್ಲ ಊಟ ಇಲ್ಲದಿದ್ದರೂ ಸಕ್ಕರೆಯನ್ನು ಕೆಳಗೆ ತಳ್ಳುತ್ತವೆ. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

70ಕ್ಕಿಂತ ಕೆಳಗೆ ಹೋದರೆ, ಇಲ್ಲವೇ ಮೀಟರ್ ಇಲ್ಲದೆ ಈ ಲಕ್ಷಣಗಳು ಕಂಡರೆ, ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ. ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಉಸಿರ್ನಾಳಕ್ಕೆ ಹೋಗುತ್ತದೆ, ಆಸ್ಪತ್ರೆಗೆ ಓಡಿ. ಏಕಾದಶಿ, ಶಿವರಾತ್ರಿ, ರಂಜಾನ್ ಯಾವುದೇ ಇರಲಿ, ಉಪವಾಸ ಮಾಡುವ ಆಸೆ ಇದ್ದರೆ ವಾರ ಮುಂಚೆ ಡಾಕ್ಟರಲ್ಲಿ ಗುಳಿಗೆಯ ಹೊತ್ತು ಕೇಳಿಕೊಳ್ಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಈಗ ಕಾಲಿನ ವಿಷಯ. ಇದನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೇ ನಾನೇ ಹೇಳುವುದು.

ಒಂದು ಮಳೆಗಾಲದಲ್ಲಿ ಮೇಗರವಳ್ಳಿ ಕಡೆಯ ಹಿರಿಯರೊಬ್ಬರು ಬಂದರು. ತೋಟಕ್ಕೆ ಬರಿಗಾಲಲ್ಲೇ ಓಡಾಡಿದ ಜೀವ. "ಒಂದು ಪೌಡರ್ ಕೊಡು ತಂಗಿ, ಉಂಬಳ ಕಚ್ಚಿದ್ದು ಗಾಯ ಆಗಿದೆ" ಅಂದರು. ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ಸ್ಟೂಲಿನ ಮೇಲೆ ಕೂರಿಸಿ ಬಿಚ್ಚಿ ನೋಡಿದೆ. ಬೆರಳ ಸಂದಿಯ ಚರ್ಮ ನೆನೆದು ಬೆಳ್ಳಗಾಗಿ ಸುಲಿದಿತ್ತು. ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಒಂದು ತೂತು. ಅದರ ಒಳಗೆ ಕಪ್ಪಗೆ ಏನೋ ಮೊನೆ. ಉಂಬಳ, ಅಂದರೆ ಜಿಗಣೆ, ಕಚ್ಚಿದ್ದಲ್ಲ, ಅಡಿಕೆ ದಬ್ಬೆಯ ಸಿಬುರು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದರೋ. "ನೋವಿಲ್ವಾ ಅಜ್ಜ?" ಅಂದೆ. "ನೋವಿದ್ದಿದ್ರೆ ಮೊದ್ಲೇ ಬರ್ತಿರ್ಲಿಲ್ವಾ ತಂಗಿ?"

ಪೌಡರ್ ಕೊಡಲಿಲ್ಲ. ಮಗನಿಗೆ ಫೋನ್ ಮಾಡಿಸಿ ಅವತ್ತೇ ಶಿವಮೊಗ್ಗಕ್ಕೆ ಕಳಿಸಿದೆವು. ಒಂದು ಬೆರಳು ಹೋಯಿತು, ಪಾದ ಉಳಿಯಿತು.

ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರ ಮಂದವಾಗುತ್ತದೆ, ರಕ್ತನಾಳ ಕಿರಿದಾಗುತ್ತದೆ. ಗಾಯ ಆದದ್ದು ಗೊತ್ತಾಗುವುದಿಲ್ಲ, ಆದ ಗಾಯ ಮಾಯುವುದಿಲ್ಲ. ಒಣ ಊರಿನಲ್ಲೇ ಇದು ಕಷ್ಟ. ನಾಲ್ಕು ತಿಂಗಳು ಕಾಲು ಒಣಗದ ನಮ್ಮ ಊರಿನಲ್ಲಿ ಇನ್ನೂ ಕಷ್ಟ. ಕೊಳೆರೋಗದ ಕಾಲದಲ್ಲಿ ತೋಟಕ್ಕೆ ಹೋಗದೆ ಇರಲಾಗುವುದಿಲ್ಲ, ಒಪ್ಪುತ್ತೇನೆ. ಗಂಬೂಟು ಹಾಕಿ ಹೋಗಿ. ಹಾಕುವ ಮೊದಲು ಕವುಚಿ ಕೊಡವಿ, ಒಳಗೆ ಕೈಹಾಕಿ ನೋಡಿ. ಮನೆಗೆ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದಿಯನ್ನು ಒಂದೊಂದಾಗಿ ಒರೆಸಿ. ಸಂದಿಗೆ ಎಣ್ಣೆ, ಕ್ರೀಮ್ ಬೇಡ; ಹಿಮ್ಮಡಿಗೆ ಹಚ್ಚಿ. ಉಂಬಳ ಬಿಡಿಸಲು ಹಚ್ಚುವ ಸುಣ್ಣ ಜೋಮು ಹಿಡಿದ ಚರ್ಮವನ್ನು ಸುಟ್ಟರೂ ಗೊತ್ತಾಗದು, ಆಮೇಲೆ ಚೆನ್ನಾಗಿ ತೊಳೆಯಿರಿ. ಚಳಿಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರುವ ಅಭ್ಯಾಸ ಬಿಡಿ, ಬೊಬ್ಬೆ ಎದ್ದ ಮೇಲೆಯೇ ಕಾಣುವುದು. ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈ ಅದ್ದಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಬಗ್ಗಲಾಗದವರು ನೆಲಕ್ಕೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಲಿ, ಇಲ್ಲವೇ ಮೊಮ್ಮಗಳಿಗೆ ಹೇಳಲಿ. ವರ್ಷಕ್ಕೊಮ್ಮೆ ಡಾಕ್ಟರು ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ಕೇಳದಿದ್ದರೆ ನೀವೇ ಚಪ್ಪಲಿ ಬಿಚ್ಚಿ ಮುಂದೆ ಇಡಿ.

ಜೋಮಿಗೆ ಇನ್ನೊಂದು ಕಾರಣವೂ ಇರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ, ಮಾಂಸ ಮೊಟ್ಟೆ ತಿನ್ನದವರಲ್ಲಿ ಮೊದಲೇ ಕಡಿಮೆ ಇರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ. ಕಣ್ಣಿನ ರೆಟಿನಾ ಪರೀಕ್ಷೆ, ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಕೂಡ ವರ್ಷಕ್ಕೊಮ್ಮೆ ಆಗಲೇಬೇಕು. ಇವಕ್ಕೆಲ್ಲ ದೂರ ಹೋಗಬೇಕಲ್ಲ ಅನ್ನುವವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ.

ಮನೆಮದ್ದಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮಲ್ಲಿ ಈಗ ತುಳಸಿಕಟ್ಟೆಯ ಪಕ್ಕದಲ್ಲೇ ಇನ್ಸುಲಿನ್ ಗಿಡ. ಅದರ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಅದರ ಮೇಲೆ ಆಗಿರುವ ಪ್ರಯೋಗಗಳು ಹೆಚ್ಚಿನವು ಇಲಿಗಳ ಮೇಲೆ. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ, ನಿಜ. ಅದರಲ್ಲಿನ ಅಂಶ ನಾಲಿಗೆಯ ಸಿಹಿರುಚಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ರುಚಿ ಹೋದರೆ ರಕ್ತದ ಸಕ್ಕರೆ ಹೋದಂತಲ್ಲ. ಹಾಗಲಕಾಯಿ, ಮೆಂತೆ ಊಟದಲ್ಲಿ ಧಾರಾಳವಾಗಿ ಇರಲಿ, ತಂಬುಳಿ ಮಾಡಿ, ಪಲ್ಯ ಮಾಡಿ. ಗುಳಿಗೆ ನಿಲ್ಲಿಸಿ ಮಾತ್ರ ಬೇಡ.

ಎಲೆಅಡಿಕೆಯ ಮಾತು ಎತ್ತುವುದು ಅಡಿಕೆಯಿಂದಲೇ ಊಟ ಮಾಡುವ ಊರಿನಲ್ಲಿ ಸುಲಭ ಅಲ್ಲ. ನಮ್ಮನೆಗೂ ತೋಟ ಇದೆ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಎಲೆಅಡಿಕೆ ಅಗಿಯುವವರಲ್ಲಿ ಸಕ್ಕರೆ ಏರಿಕೆ ಹೆಚ್ಚು ಅಂತ ತೈವಾನಿನ ಅಧ್ಯಯನಗಳಲ್ಲೂ ಕಂಡಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇರೆ ಬೇಗ ಬರುತ್ತದೆ. ಹೊಗೆಸೊಪ್ಪು ಸೇರಿಸುವವರಿಗೆ ರಕ್ತನಾಳದ ಅಪಾಯವೂ ಕೂಡಿತು. ಬೆಳೆಯುವುದು ನಮ್ಮ ಹೊಟ್ಟೆಪಾಡು, ದಿನವಿಡೀ ಅಗಿಯುವುದನ್ನಾದರೂ ಕಡಿಮೆ ಮಾಡೋಣ.

ಹೆಂಗಸರ ಬಗ್ಗೆ ನನಗೆ ಹೆಚ್ಚು ಕಳಕಳಿ. ಗಂಡನ ಗುಳಿಗೆಯ ಹೆಸರು, ಹೊತ್ತು, ಬಣ್ಣ ಎಲ್ಲ ಬಾಯಿಪಾಠ ಇರುವ ಹೆಂಗಸಿಗೆ ತನ್ನ ಸಕ್ಕರೆ ಎಷ್ಟು ಅಂತ ಗೊತ್ತಿರುವುದಿಲ್ಲ. ಬಸುರಿಯಲ್ಲಿ ಸಕ್ಕರೆ ಬಂದು ಹೆರಿಗೆಯಾದ ಮೇಲೆ ಹೋದವರಿಗೆ ಮುಂದೆ ಕಾಯಿಲೆ ಬರುವ ಸಾಧ್ಯತೆ ಬಹಳ ಹೆಚ್ಚು, ಆದರೂ ಮತ್ತೆ ಪರೀಕ್ಷೆ ಮಾಡಿಸಿದವರು ಅಪರೂಪ. ಮೂವತ್ತು ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ "ಅವ್ರದ್ದು ನೋಡಿ" ಅಂತ ಒಳಗೆ ಹೋಗಬೇಡಿ, ನಿಮ್ಮ ಬೆರಳನ್ನೂ ಚಾಚಿ. ಪಥ್ಯದ ಅಡುಗೆ ಗಂಡನಿಗೊಂದು, ಉಳಿದವರಿಗೊಂದು ಅಂತ ಎರಡೆರಡು ಮಾಡಿ ಸುಸ್ತಾಗುವ ಅಗತ್ಯವೂ ಇಲ್ಲ. ಅವರಿಗೆ ಒಳ್ಳೆಯದಾದ ಊಟ ಮನೆಯವರಿಗೆಲ್ಲ ಒಳ್ಳೆಯದೇ.

ಇನ್ಸುಲಿನ್ ಬರೆದುಕೊಟ್ಟ ಚೀಟಿ ಹಿಡಿದು ಬರುವವರ ಕೈ ನಡುಗುತ್ತಿರುತ್ತದೆ. "ಕೊನೇ ಹಂತನಾ ಅಕ್ಕ?" ಅಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅಲ್ಲಿ ತನಕ ಅವನಂಥ ಮಕ್ಕಳು ಕೃಶವಾಗಿ ಸಾಯುತ್ತಿದ್ದರು. ಅವನು ಇನ್ನೂ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಬದುಕಿಸಲು ಬಂದ ಔಷಧಿ ಅದು. ಎಷ್ಟೋ ಜನರಿಗೆ ಆಪರೇಷನ್ನಿಗೆ, ಜ್ವರಕ್ಕೆ, ಬಸುರಿಗೆ ಅಂತ ಕೆಲವು ಕಾಲ ಮಾತ್ರ ಬೇಕಾಗುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲದಾಗ ಏನು ಮಾಡುವುದು ಅನ್ನುವುದು ನಮ್ಮೂರಿನ ನಿಜವಾದ ಸಮಸ್ಯೆ. ತೆರೆಯದ ಬಾಟ್ಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಸುತ್ತಿರುವುದು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿದ್ದರೂ ಆಗುತ್ತದೆ, ಬಿಸಿಲು, ಒಲೆ ತಾಗದಿದ್ದರೆ ಸಾಕು. ಲೇಬಲ್ ಒಮ್ಮೆ ನೋಡಿ. ನಮ್ಮ ಮಳೆಗಾಲದ ತಂಪು ಇದಕ್ಕೆ ಅನುಕೂಲವೇ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಒಮ್ಮೆ ಗಟ್ಟಿಯಾದದ್ದು ಕರಗಿದರೂ ಕೆಲಸಕ್ಕೆ ಬಾರದು.

ಕೊನೆಯ ಪ್ರಶ್ನೆ, ಚಿಕ್ಕ ವಯಸ್ಸಿನವರದ್ದು: "ಜೀವನ ಪೂರ್ತಿ ನುಂಗ್ಬೇಕಾ?" ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಅನ್ನುವ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಕಾಯಿಲೆ ಬಂದು ಆರು ವರ್ಷದೊಳಗಿನವರಿಗೆ ವೈದ್ಯರ ಕಣ್ಣೆದುರು ಬಹಳ ಮಿತವಾದ ಆಹಾರ ಕೊಟ್ಟು ತೂಕ ಇಳಿಸಿದಾಗ, ವರ್ಷದ ಕೊನೆಗೆ 46 ಶೇಕಡಾ ಜನ ಗುಳಿಗೆ ಇಲ್ಲದೆ ಎಚ್‌ಬಿಎ1ಸಿ 6.5ರ ಒಳಗೆ ಇದ್ದರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಇದು 86 ಶೇಕಡಾ. ಹಾಗಾಗಿ ಸಾಧ್ಯ ಇದೆ, ಎಲ್ಲರಿಗೂ ಅಲ್ಲ. ತೂಕ ಮತ್ತೆ ಏರಿದರೆ ಸಕ್ಕರೆಯೂ ವಾಪಸು ಬರುವುದು ಸಾಮಾನ್ಯ. "ಬುಡಸಮೇತ ಗುಣ" ಅಂತ ಫೋನಿನಲ್ಲಿ ಬರುವ ಜಾಹೀರಾತುಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇದನ್ನು ಕೇಳಿದ ಹುಡುಗ ಪಿಕಪ್ ಓಡಿಸುವವನು. ಕಾಯಿಲೆ ಗೊತ್ತಾಗಿ ಇನ್ನೂ ವರ್ಷ ಆಗಿಲ್ಲ, ರಾತ್ರಿ ಪರೋಟ ನಿಲ್ಲಿಸಿ ಒಂಬತ್ತು ಕಿಲೋ ಇಳಿಸಿದ್ದಾನೆ. ಡಾಕ್ಟರು ಎರಡು ಗುಳಿಗೆಯನ್ನು ಒಂದು ಮಾಡಿದ್ದಾರೆ. ಆಲೆಮನೆಯ ಹೊತ್ತಿಗೆ ಬಂದು, "ಅಕ್ಕ, ಕಬ್ಬಿನಹಾಲು ಕುಡಿಬಹುದಾ?" ಅಂದ. ಒಂದು ದೊಡ್ಡ ಲೋಟದಲ್ಲಿ ಎಂಟು ಹತ್ತು ಚಮಚ ಸಕ್ಕರೆ ಇರುತ್ತದೆ ಅಂದೆ. ಹೋಗು, ಎಲ್ಲರ ಜೊತೆ ಕೂರು, ರುಚಿಗೆ ಕಾಲು ಲೋಟ ಕುಡಿ, ಮಂಡಕ್ಕಿ ಬಿಡು, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡು, ನಂಬರ್ ನನಗೂ ಹೇಳು. ಮರುದಿನ ಬಂದು ಹೇಳಿದ, 164. ಕಾಲು ಲೋಟವೇ ಕುಡಿದದ್ದಂತೆ, ಅಣ್ಣಂದಿರು ಒತ್ತಾಯ ಮಾಡಿದರೂ ತುಂಬಿಸಿಕೊಳ್ಳಲಿಲ್ಲವಂತೆ. ಚೀಟಿಯ ಹಿಂದೆ ತಾರೀಕು ಹಾಕಿ ಬರೆದುಕೊಟ್ಟೆ. ಅವನ ಮುಂದಿನ ಎಚ್‌ಬಿಎ1ಸಿ ಯುಗಾದಿ ಆದ ಮೇಲೆ.